ಮಿಲ್ಲಿಂಗ್ ಯಂತ್ರದಲ್ಲಿ ಟೇಪರಿನ ಹಿಡಿತ

ಒಂದರೊಳಗೊಂದು ಇಟ್ಟ ಎರಡು ಲೋಟಗಳು ಕಚ್ಚಿಕೊಂಡು ಬಿಡದೆ ಹೋಗುವುದನ್ನು ನಾವೆಲ್ಲರೂ ಅಡುಗೆಮನೆಯಲ್ಲಿ ಕಂಡಿದ್ದೇವೆ. ಮೇಲೆ ಅಗಲ, ಕೆಳಗೆ ಕಿರಿದು ಎಂಬ ಆ ಆಕಾರವೇ ಹಿಡಿತಕ್ಕೆ ಕಾರಣ. ಮಿಲ್ಲಿಂಗ್ ಯಂತ್ರದಲ್ಲಿ ಲೋಹವನ್ನು ಕತ್ತರಿಸುವ ಕಟರನ್ನು ಹಿಡಿದು ನಿಲ್ಲಿಸುವುದೂ ಇದೇ ಉಪಾಯ. ಹತ್ತನೆಯ ತರಗತಿ ಮುಗಿಸಿ ಐ.ಟಿ.ಐ. ಸೇರುವ ನಮ್ಮ ಮಕ್ಕಳು ಈ ಯಂತ್ರದ ಮುಂದೆ ನಿಲ್ಲುವ ಮೊದಲೇ ಇದನ್ನು ತಿಳಿದಿರುವುದು ಒಳ್ಳೆಯದೆಂದು ನಾಲ್ಕು ಮಾತು ಬರೆಯುತ್ತೇವೆ.

ಯಂತ್ರದ ತಿರುಗುವ ದಂಡಕ್ಕೆ ಸ್ಪಿಂಡಲ್ ಎಂದು ಹೆಸರು. ಅದರ ಕೆಳತುದಿಯಲ್ಲಿ ಮೇಲಕ್ಕೆ ಹೋದಂತೆ ಕಿರಿದಾಗುವ ರಂಧ್ರವಿರುತ್ತದೆ. ಅದಕ್ಕೆ ಸರಿಹೊಂದುವ ಬಾಲವು ಉಪಕರಣಕ್ಕಿರುತ್ತದೆ. ಈ ಓರೆಗೆ ಟೇಪರ್ ಎನ್ನುವರು. ಸಣ್ಣ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ ಮೋರ್ಸ್ ಟೇಪರನ್ನು ರೂಪಿಸಿದವರು ಅಮೆರಿಕದ ಸ್ಟೀಫನ್ ಮೋರ್ಸ್, 1860ರ ದಶಕದಲ್ಲಿ. ಇದರಲ್ಲಿ 20 ಮಿಲಿಮೀಟರ್ ಉದ್ದಕ್ಕೆ ವ್ಯಾಸವು ಸುಮಾರು 1 ಮಿಲಿಮೀಟರ್ ಕಡಮೆಯಾಗುತ್ತದೆ. ಓರೆ ಇಷ್ಟು ಅಲ್ಪವಾದುದರಿಂದ ಒಮ್ಮೆ ಕಚ್ಚಿದರೆ ಘರ್ಷಣೆಯೇ ಅದನ್ನು ಹಿಡಿದಿಡುತ್ತದೆ.

ತೂತು ಕೊರೆಯುವ ಯಂತ್ರದಲ್ಲಿ ಒತ್ತಡವು ಬಾಲವನ್ನು ಮೇಲಕ್ಕೇ ನೂಕುವುದರಿಂದ ಆ ಹಿಡಿತ ಸಾಕು. ಮಿಲ್ಲಿಂಗಿನಲ್ಲಿ ಹಾಗಲ್ಲ. ಕಟರಿಗೆ ಪಕ್ಕದಿಂದ ಪೆಟ್ಟು ಬೀಳುತ್ತದೆ, ಅದು ನಡುಗುತ್ತದೆ, ತಿರುಚಿದ ಹಲ್ಲುಗಳು ಅದನ್ನು ಕೆಳಕ್ಕೆ ಎಳೆಯುತ್ತವೆ. ತಿರುಗುತ್ತಿರುವಾಗಲೇ ಕಳಚಿದರೆ ಕೈಗೂ ಕಣ್ಣಿಗೂ ಅಪಾಯ. ಆದುದರಿಂದ ಟೊಳ್ಳಾದ ಸ್ಪಿಂಡಲಿನ ಮೇಲಿನಿಂದ ಡ್ರಾಬಾರ್ ಎಂಬ ಉದ್ದನೆಯ ಬೋಲ್ಟನ್ನು ಇಳಿಸಿ, ಉಪಕರಣದ ಬಾಲದಲ್ಲಿ ತಿರುಗಿಸಿ ಬಿಗಿಯುತ್ತಾರೆ.

ಕೂಡಿಸುವ ಮೊದಲು ವಿದ್ಯುತ್ತನ್ನು ನಿಲ್ಲಿಸಿ, ರಂಧ್ರವನ್ನೂ ಬಾಲವನ್ನೂ ಒಣಬಟ್ಟೆಯಿಂದ ಒರೆಸತಕ್ಕದ್ದು. ಕೂದಲೆಳೆಯಷ್ಟು ಲೋಹದ ಚೂರು ಉಳಿದರೂ ಕಟರು ಓಲಾಡುತ್ತದೆ. ಬಿಗಿದ ಸ್ಪ್ಯಾನರನ್ನು ಅಲ್ಲಿಯೇ ಮರೆತು ಸ್ವಿಚ್ಚು ಹಾಕಿದರೆ ಅದು ಕವಣೆಯ ಕಲ್ಲಿನಂತೆ ಹಾರುವುದು.

ತಪ್ಪು ಹೆಚ್ಚಾಗಿ ನಡೆಯುವುದು ತೆಗೆಯುವಾಗ. ಡ್ರಾಬಾರನ್ನು ಒಂದು ಸುತ್ತು, ಹೆಚ್ಚೆಂದರೆ ಎರಡು ಸುತ್ತು ಮಾತ್ರ ಸಡಿಲಿಸಿ, ಅದರ ತಲೆಗೆ ಹಿತ್ತಾಳೆಯ ಸುತ್ತಿಗೆಯಿಂದ ಚುರುಕಾದ ಒಂದು ಪೆಟ್ಟು ಕೊಡಬೇಕು. ಒಂದು ಕಾರ್ಖಾನೆಯಲ್ಲಿ ಹೊಸಬನೊಬ್ಬನು ಅದನ್ನು ಬಹುತೇಕ ಬಿಚ್ಚಿ ಹೊಡೆದುದನ್ನು ನಾವು ಕಂಡೆವು. ಪೆಟ್ಟೆಲ್ಲ ತುದಿಯ ಒಂದೆರಡು ಸುತ್ತುಗಳ ಮೇಲೆ ಬಿದ್ದು ಥ್ರೆಡ್ಡು ಕೆಟ್ಟಿತು, ಉಪಕರಣ ಕದಲಲಿಲ್ಲ. ಡ್ರಾಬಾರಿನ ಬೆಲೆಯನ್ನು ಹುಡುಗನ ಸಂಬಳದಲ್ಲಿ ಮುರಿದುಕೊಂಡರು. ಕಲಿಸದವರಿಗೆ ಮಾತ್ರ ಯಾವ ದಂಡವೂ ಇಲ್ಲ!

ಒಂದೆರಡು ಪೆಟ್ಟಿಗೆ ಬಿಡದಿದ್ದರೆ ದೊಡ್ಡ ಸುತ್ತಿಗೆ ಹುಡುಕಬಾರದು. ಆ ಹೊಡೆತ ಸ್ಪಿಂಡಲಿನ ಬೇರಿಂಗುಗಳಿಗೆ ತಗಲಿ ಅವು ಕೆಡುತ್ತವೆ. ಇಲ್ಲಿ ಲೋಟಗಳನ್ನು ನೆನೆಯಿರಿ. ತಾಯಂದಿರು ಹೊರಲೋಟವನ್ನು ಬಿಸಿನೀರಿನಲ್ಲಿಟ್ಟು ಒಳಲೋಟಕ್ಕೆ ತಣ್ಣೀರು ಹಾಕುತ್ತಾರೆ. ಹೊರಗಿನದು ಹಿಗ್ಗಿ, ಒಳಗಿನದು ಕುಗ್ಗಿ, ಎರಡೂ ಬೇರೆಯಾಗುತ್ತವೆ. ಹಾಗೆಯೇ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸ್ಪಿಂಡಲಿನ ಮೂತಿಗೆ ಸ್ವಲ್ಪ ಹೊತ್ತು ಸುತ್ತಿ ಮತ್ತೆ ತಟ್ಟಿ ನೋಡಬಹುದು. ಆಮೇಲೆ ತೇವ ಒರೆಸಿ ಎಣ್ಣೆ ಸವರಬೇಕು. ಇದೇ ನಿಯಮ ತಿರುಗಿಯೂ ಬೀಳುತ್ತದೆ: ಓಡಿ ಬಿಸಿಯಾದ ಸ್ಪಿಂಡಲಿಗೆ ತಣ್ಣನೆಯ ಉಪಕರಣವನ್ನು ಬಿಗಿದು ರಾತ್ರಿಯೆಲ್ಲ ಬಿಟ್ಟರೆ, ಸ್ಪಿಂಡಲು ಆರಿ ಕುಗ್ಗಿ ಅದನ್ನು ಅಪ್ಪಿಕೊಳ್ಳುತ್ತದೆ. ಸಂಜೆ ಮನೆಗೆ ಹೊರಡುವ ಮುನ್ನವೇ ಬಿಡಿಸಿಡುವುದು ಲೇಸು.

ಬಿಡಿಸುವಾಗ ಮೇಜಿನ ಮೇಲೆ ಒಂದು ಮರದ ಹಲಗೆಯನ್ನಿಟ್ಟು, ಎಡಗೈಯಲ್ಲಿ ದಪ್ಪ ಬಟ್ಟೆ ಸುತ್ತಿ ಉಪಕರಣವನ್ನು ಹಿಡಿದಿರಬೇಕು. ಕೈತಪ್ಪಿ ಬಿದ್ದರೂ ಕಟರಿನ ಅಲಗು ಉಳಿಯುತ್ತದೆ, ಮೇಜೂ ಉಳಿಯುತ್ತದೆ.