ಯಾವ ದಂಡೆಗೆ ಇಳಿಯಬೇಕು?

ಕೆರೆಯನ್ನು ನೋಡಲು ಹೋಗುವವನು ಒಂದು ದಂಡೆಯನ್ನು ಆರಿಸಿಕೊಳ್ಳುತ್ತಾನೆ. ಕೆರೆಯಲ್ಲಿ ಈಸಲು ಹೋಗುವವನು ಇನ್ನೊಂದನ್ನು ಆರಿಸಿಕೊಳ್ಳಬೇಕು. ಇವೆರಡೂ ಒಂದೇ ಎಂದು ಭಾವಿಸಿದ ತರುಣರ ಹೆಸರುಗಳು ಮರುದಿನದ ಪತ್ರಿಕೆಯ ಜಿಲ್ಲಾಪುಟದಲ್ಲಿ ಬರುತ್ತವೆ. ಬೇಸಗೆಯ ರಜೆ ಬಂತೆಂದರೆ ಈ ಬಗೆಯ ಸುದ್ದಿಗೂ ಕಾಲ ಬಂತೆಂದೇ ತಿಳಿಯಬೇಕು. ಊರು ಬೇರೆಯಾಗಿರುವುದು; ಕೆರೆಯೋ, ಕೃಷಿಹೊಂಡವೋ, ಕಾಲುವೆಯೋ ಎಂಬುದು ಬೇರೆಯಾಗಿರುವುದು; ಸತ್ತವರ ವಯಸ್ಸು ಮಾತ್ರ ಮತ್ತೆ ಮತ್ತೆ ಶಾಲೆ ಕಾಲೇಜುಗಳ ವಯಸ್ಸೇ ಆಗಿರುವುದು. 2021ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಾಜರಿ ಪುಸ್ತಕವನ್ನು ದಿನವೂ ಕೈಯಲ್ಲಿ ಹಿಡಿದು ಹೆಸರು ಕೂಗುವವನಿಗೆ ಇಂಥ ಅಂಕಿಗಳು ಬರಿಯ ಅಂಕಿಗಳಾಗಿ ಉಳಿಯುವುದಿಲ್ಲ.

ಧಾರವಾಡದಿಂದ ಪಶ್ಚಿಮಕ್ಕೆ ಹೋಗುವ ರೈಲು ಅಳ್ನಾವರವನ್ನು ಮುಟ್ಟುವ ಮೊದಲು ಮುಗದದಲ್ಲಿ ನಿಲ್ಲುವ ಒಂದು ಸಣ್ಣ ನಿಲ್ದಾಣವಿದೆ. ಬಯಲುಸೀಮೆ ಮುಗಿದು ಮಲೆನಾಡು ಇನ್ನೂ ತೊಡಗದಿರುವ ನಾಡು ಅದು. ಹತ್ತಿ ಜೋಳಗಳ ಕರಿನೆಲ ಹಿಂದೆ ಸರಿದು ಬತ್ತದ ಗದ್ದೆಗಳು ಕಾಣತೊಡಗುತ್ತವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಬತ್ತದ ಸಂಶೋಧನಾ ಕೇಂದ್ರ ಇಲ್ಲಿಯೇ ಇದೆ. ‘ಮುಗದ ಸುಗಂಧಾ’ ಎಂಬ ತಳಿ ಈ ಊರಿನ ಹೆಸರನ್ನು ಅನ್ನದ ಪರಿಮಳದೊಡನೆ ಕೂಡಿಸಿದೆ. ಮುಗದದ ಕುಂಬಾರರ ಮಡಕೆ ಕುಡಿಕೆಗಳೂ ಹೆಸರಾದವುಗಳೇ. ಶಾಸನಗಳ ಕಾಲದಲ್ಲಿ ಇದು ‘ಮುಗುಂದ’. ಮೂವತ್ತು ಊರುಗಳ ಒಂದು ಕಿರುನಾಡಿಗೆ ತಲೆಯೂರಾಗಿತ್ತು. ಇಷ್ಟೆಲ್ಲ ಇದ್ದರೂ ರವಿವಾರ ಧಾರವಾಡದ ವಿದ್ಯಾರ್ಥಿಗಳು ಸೈಕಲ್ಲು, ಮೋಟಾರು ಬೈಕುಗಳನ್ನೇರಿ ಇಲ್ಲಿಗೆ ಬರುವುದು ಶಾಸನಕ್ಕಾಗಿಯೂ ಅಲ್ಲ, ಬತ್ತಕ್ಕಾಗಿಯೂ ಅಲ್ಲ, ಕೆರೆಗಾಗಿ. ಬಂದವರು ಕೇಳುವ ಮೊದಲ ಪ್ರಶ್ನೆಯೇ ‘ಸರ, ಎಲ್ಲಿ ಇಳಿಯೋಣ?’ ಎಂಬುದು. ಈ ಪ್ರಶ್ನೆಗೆ ‘ಎಲ್ಲಿಯೂ ಬೇಡ’ ಎಂದು ಉತ್ತರ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಹಾಗೆ ಹೇಳಿ ನಾವು ಬೆನ್ನು ತಿರುಗಿಸಿದೊಡನೆ ಅವರು ಇಳಿಯುತ್ತಾರೆ, ಅದೂ ಇಳಿಯಬಾರದ ಕಡೆಯಲ್ಲಿಯೇ.

ಅದಕ್ಕೆ ಕಾರಣ ಕೆರೆಯ ಕಟ್ಟೋಣದಲ್ಲಿಯೇ ಇದೆ. ಸರೋವರವೆಂಬುದು ತಾನಾಗಿ ಆದದ್ದು. ಕೆರೆಯೆಂಬುದು ನಾವು ಮಾಡಿದ್ದು. ಇಳಿಜಾರಾದ ನೆಲದ ತಗ್ಗಿನ ಕಡೆಯಲ್ಲಿ ಅಡ್ಡಲಾಗಿ ಮಣ್ಣಿನ ಏರಿಯನ್ನು ಹಾಕಿ, ಒಳಮೈಗೆ ಕಲ್ಲು ಹೊದಿಸಿ, ಗದ್ದೆಗೆ ನೀರು ಬಿಡಲು ತೂಬನ್ನು ಇಟ್ಟು, ಹೆಚ್ಚಾದ ನೀರು ಹರಿದುಹೋಗಲು ಕೋಡಿಯನ್ನು ಬಿಡುತ್ತಾರೆ. ಹೀಗಿರುವಲ್ಲಿ ನೀರು ಎಲ್ಲಕ್ಕಿಂತ ಆಳವಾಗಿರತಕ್ಕದ್ದು ಏರಿಯ ಬುಡದಲ್ಲಿ. ಅದರಲ್ಲಿಯೂ ತೂಬಿನ ಎದುರಿಗೆ. ಆದರೆ ರಸ್ತೆ ಇರುವುದು ಏರಿಯ ಮೇಲೆ, ಗಾಡಿ ನಿಲ್ಲಿಸಲು ಸ್ಥಳವಿರುವುದು ಅಲ್ಲಿ, ಮರದ ನೆರಳು ಅಲ್ಲಿ, ಇಳಿಯಲು ಪಾವಟಿಗೆಗಳಿದ್ದರೆ ಅವೂ ಅಲ್ಲಿ. ಸಂಜೆಯ ಬಿಸಿಲು ನೀರಿನ ಮೇಲೆ ಬಿದ್ದಾಗ ಕವಿತೆ ಬರೆಯುವ ಮನಸ್ಸಾಗುವುದೂ ಅಲ್ಲಿಯೇ ನಿಂತಾಗ! ಪಾಚಿಗಟ್ಟಿದ ಕಲ್ಲಿನ ಮೇಲೆ ಇಟ್ಟ ಕಾಲು ಜಾರಿದರೆ ಮುಂದಿನ ಹೆಜ್ಜೆಗೆ ನೆಲವಿಲ್ಲ. ಹಿಂದಿರುಗಿ ಹಿಡಿಯಲು ಆಸರೆಯೂ ಇಲ್ಲ. ತೂಬು ತೆರೆದಿದ್ದರಂತೂ ಮೇಲೆ ನಿಶ್ಚಲವಾಗಿ ತೋರುವ ನೀರು ಕೆಳಗೆ ಸೆಳೆಯುತ್ತಿರುತ್ತದೆ.

ಈ ಮಾತನ್ನು ಮುಗದದ ಒಬ್ಬ ಹಿರಿಯ ಒಕ್ಕಲಿಗರು ನನಗಿಂತ ಚೆನ್ನಾಗಿ ಹೇಳಿದರು. ಎಮ್ಮೆಗಳನ್ನು ನೀರಿಗೆ ಬಿಟ್ಟು ದಂಡೆಯ ಮೇಲೆ ಕುಳಿತಿದ್ದ ಅವರನ್ನು ‘ಅಜ್ಜಾರ, ಈ ಹುಡುಗರು ಈಸಬೇಕಂತಾರ, ಎಲ್ಲಿ ಇಳೀಬೇಕ್ರಿ?’ ಎಂದು ಕೇಳಿದೆ.

‘ಏರಿ ಮ್ಯಾಲ ನಿಂತ್ರ ಕೆರಿ ಭಾಳ ಛಂದ ಕಾಣ್ತೈತ್ರಿ ಸರ. ಛಂದ ಕಾಣೂ ಜಾಗಾದಾಗನ ಆಳ ಐತಿ. ಎಮ್ಮಿ ಎಲ್ಲಿ ನಡಕೋಂತ ಹೋಗಿ ನಡಕೋಂತ ಬರ್ತಾವ, ಅಲ್ಲಿ ಇಳೀರಿ. ಎಮ್ಮಿ ಈಸಾಕ ಹತ್ತಿದ ಕೂಡ್ಲೆ ನೀವು ನಿಂತ್ಬಿಡ್ರಿ.’

ನೀರಿನ ಆಳವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ನಮಗೆ ಸಿಕ್ಕಲಾರದು. ಹಳ್ಳಿಗರು ನೀರನ್ನು ಅಡಿ ಮೀಟರುಗಳಲ್ಲಿ ಅಳೆಯುವುದಿಲ್ಲ, ಮೈಯಿಂದ ಅಳೆಯುತ್ತಾರೆ. ಹರಡು ಮುಳುಗುವಷ್ಟು, ಮೊಳಕಾಲುದ್ದ, ಟೊಂಕದುದ್ದ, ಎದೆಯುದ್ದ, ಆಳುದ್ದ—ಇದು ಅವರ ಮಾಪನ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತವನ್ನು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ ಈ ಅಳತೆ ನನ್ನನ್ನು ತಡೆದು ನಿಲ್ಲಿಸುತ್ತದೆ. ಕಿರಿಯ ಸೊಸೆ ಭಾಗೀರಥಿ ಕೆರೆಯಿಂದ ಮೇಲೇರಿ ಬರುತ್ತಿರುವಂತೆಯೇ ನೀರೂ ಅವಳೊಡನೆ ಒಂದೊಂದೇ ಮೆಟ್ಟಿಲು ಏರುತ್ತದೆ. ಆ ಹಾಡು ಕಟ್ಟಿದ ಹೆಣ್ಣುಮಗಳು ಯಾರೋ, ನೀರು ಮನುಷ್ಯನನ್ನು ಹೇಗೆ ತೆಗೆದುಕೊಳ್ಳುತ್ತದೆಂಬುದನ್ನು ಬಲ್ಲವಳು. ಈಸುವ ದಂಡೆಯನ್ನು ಆರಿಸುವ ಕೆಲಸವೆಂದರೆ ಈ ಅಳತೆಗಳ ನಡುವೆ ಸಾಕಷ್ಟು ದೂರವಿರುವ ಸ್ಥಳವನ್ನು ಹುಡುಕುವುದೇ ಆಗಿದೆ. ಮೊಳಕಾಲಿನಿಂದ ಎದೆಯವರೆಗೆ ಇಪ್ಪತ್ತು ಮೂವತ್ತು ಹೆಜ್ಜೆಗಳ ನಡಿಗೆ ಇದ್ದರೆ ಕಲಿಯುವವನು ಎಲ್ಲಿಯಾದರೂ ನಿಂತು ಉಸಿರಾಡಬಹುದು. ಎರಡೇ ಹೆಜ್ಜೆಗಳಾದರೆ ಅದು ಬಾವಿ.

ಆದರೆ ಇಳಿಜಾರು ಒಂದೇ ನೋಡಿದರೆ ಸಾಲದು, ತಳವನ್ನೂ ನೋಡಬೇಕು. ಕೆರೆಯ ಹೂಳು ಹೊಲಕ್ಕೆ ಗೊಬ್ಬರ, ಕುಂಬಾರನಿಗೆ ಜೇಡಿ, ಇಟ್ಟಿಗೆಯವನಿಗೆ ಹಣ. ಹಿಂದೆ ಸಲಿಕೆ ಬುಟ್ಟಿಗಳಿಂದ ತೆಗೆಯುತ್ತಿದ್ದಾಗ ಕೆರೆಯಂಗಳ ಸರಿಸಮವಾಗಿಯೇ ತಗ್ಗುತ್ತಿತ್ತು. ಈಗ ಜೆಸಿಬಿ ಯಂತ್ರ ಒಂದೇ ಕಡೆಯಲ್ಲಿ ನಿಂತು ಅರ್ಧ ದಿನದಲ್ಲಿ ಆಳುದ್ದ ಗುಂಡಿಯನ್ನು ತೋಡಬಲ್ಲದು. ಮಳೆ ಬಂದು ಕೆರೆ ತುಂಬಿದ ಮೇಲೆ ಆ ಗುಂಡಿ ಕಾಣಿಸುವುದಿಲ್ಲ. ಸುತ್ತಲೂ ಟೊಂಕದುದ್ದ ನೀರಿರುವಲ್ಲಿ ನಡೆದು ಹೋಗುತ್ತಿದ್ದವನು ಒಮ್ಮೆಲೇ ಇಲ್ಲವಾಗುತ್ತಾನೆ. ಕರ್ನಾಟಕದ ಎಷ್ಟೋ ಕೆರೆಗಳಲ್ಲಿ ಹುಡುಗರ ಪ್ರಾಣ ಹೋದದ್ದು ಕೆರೆಯ ಆಳದಿಂದಲ್ಲ, ಮನುಷ್ಯ ತೋಡಿದ ಈ ಗುಂಡಿಗಳಿಂದ. ಆದ್ದರಿಂದ ದಂಡೆಯನ್ನು ಆರಿಸತಕ್ಕ ಕಾಲ ಕೆರೆ ತುಂಬಿದಾಗಲ್ಲ. ಏಪ್ರಿಲ್ ಮೇ ತಿಂಗಳಲ್ಲಿ, ನೀರು ಹಿಂದೆ ಸರಿದು ಅಂಗಳ ಬತ್ತಲೆಯಾಗಿರುವಾಗ. ಆಗ ಬರಿಗಾಲಿನಿಂದ ನಡೆದು ನೋಡಬೇಕು. ಕಾಲು ಹೂತುಹೋಗುವ ರಾಡಿಯಿದ್ದರೆ ಅದು ಬೇಡ. ಗರಸು ಮಣ್ಣು ಗಟ್ಟಿಯಾಗಿ ನಿಧಾನಕ್ಕೆ ಇಳಿಯುವ ಕಡೆ ಇದ್ದರೆ ಅಲ್ಲೊಂದು ಗೂಟ ನೆಡಬಹುದು. ಸಾಮಾನ್ಯವಾಗಿ ಇಂಥ ನೆಲ ಸಿಕ್ಕುವುದು ಏರಿಯಲ್ಲಿಯೂ ಅಲ್ಲ, ಹಳ್ಳ ಬಂದು ಸೇರುವ ಕೆಸರಿನ ತುದಿಯಲ್ಲಿಯೂ ಅಲ್ಲ. ಎರಡರ ನಡುವಿನ ಪಕ್ಕದ ದಂಡೆಗಳಲ್ಲಿ.

ಗೂಟವನ್ನು ಒಮ್ಮೆ ನೆಟ್ಟು ಮರೆಯುವಂತೆಯೂ ಇಲ್ಲ. ಸಮುದ್ರದ ದಂಡೆ ಉಬ್ಬರವಿಳಿತಗಳೊಡನೆ ದಿನಕ್ಕೆ ಎರಡು ಸಲ ಹೋಗಿ ಬರುತ್ತದೆ. ಕೆರೆಯ ದಂಡೆ ವರ್ಷಕ್ಕೊಮ್ಮೆ. ಆಕ್ಟೋಬರಿನಲ್ಲಿ ತಲೆಯ ಮೇಲೆ ನೀರಿರುವಲ್ಲಿ ಮಾರ್ಚಿಯಲ್ಲಿ ಕುರಿ ಮೇಯುತ್ತಿರಬಹುದು. ಜೂನಿನಿಂದ ಸೆಪ್ಟೆಂಬರಿನ ತನಕ ಹೊಸ ನೀರು ಕೆಂಪಾಗಿರುತ್ತದೆ. ಮುಳುಗಿದವನ ಕೈ ಒಂದು ಮೊಳ ಕೆಳಗಿದ್ದರೂ ತೋರದು. ಆ ನಾಲ್ಕು ತಿಂಗಳು ಕೆರೆಯನ್ನು ದೂರದಿಂದಲೇ ನೋಡುವುದು ಲೇಸು. ದೀಪಾವಳಿಯ ನಂತರ ನೀರು ತಿಳಿಯಾಗುತ್ತದೆ, ಹಕ್ಕಿಗಳೂ ಬರುತ್ತವೆ.

ಇನ್ನು ನೀರಿನ ಗುಣದ ಮಾತು. ಎಮ್ಮೆ ನಡೆಯುವ ದಂಡೆ ಇಳಿಜಾರಿನ ದೃಷ್ಟಿಯಿಂದ ಉತ್ತಮವಾದದ್ದು. ಶುಚಿತ್ವದ ದೃಷ್ಟಿಯಿಂದ ಹಾಗೆ ಹೇಳಲಾಗದು. ದನಗಳ ಮತ್ತು ಇಲಿಗಳ ಮೂತ್ರದಿಂದ ನೀರಿಗೆ ಸೇರುವ ರೋಗಾಣು ಕಾಲಿನ ಗಾಯದ ಮೂಲಕ ಮೈಹೊಕ್ಕರೆ ಇಲಿಜ್ವರ ಬರುತ್ತದೆ. ಆದ್ದರಿಂದ ಅಜ್ಜನವರ ಮಾತನ್ನು ಒಪ್ಪಿಯೂ ಎಮ್ಮೆಗಳಿಂದ ಒಂದಿಷ್ಟು ದೂರ, ಅದೇ ಬಗೆಯ ನೆಲವನ್ನು ಹುಡುಕಿಕೊಳ್ಳಬೇಕು. ನಮ್ಮ ದೇಶದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಬಯಲು ಸ್ನಾನಕ್ಕೆ ತಕ್ಕ ನೀರನ್ನು ‘ಬಿ’ ವರ್ಗವೆಂದು ಕರೆದು ಲಕ್ಷಣಗಳನ್ನು ಗೊತ್ತುಪಡಿಸಿದೆ: 100 ಮಿಲಿಲೀಟರ್ ನೀರಿನಲ್ಲಿ ಕೋಲಿಫಾರ್ಮ್ ಜೀವಾಣುಗಳು 500ನ್ನು ಮೀರಬಾರದು, ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಮಿಗಿಂತ ಕಡಿಮೆಯಾಗಬಾರದು, ಜೈವಿಕ ಆಮ್ಲಜನಕದ ಬೇಡಿಕೆ 3 ಮಿಲಿಗ್ರಾಮಿನೊಳಗಿರಬೇಕು. ಇದನ್ನು ಕಣ್ಣಿನಿಂದ ಅಳೆಯಲಾಗದು ನಿಜ. ಆದರೂ ಅಂತರಗಂಗೆ ಹಸಿರು ಹಾಸಿದಂತೆ ಹಬ್ಬಿದ್ದರೆ ಊರಿನ ಕೊಳಚೆ ಅಲ್ಲಿಗೆ ಬರುತ್ತಿದೆಯೆಂದು ಶಂಕಿಸಬೇಕು. ಹುಬ್ಬಳ್ಳಿಯ ಉಣಕಲ್ಲ ಕೆರೆಗೆ ಈ ಕಳೆ ಕೊಟ್ಟ ಕಾಟವನ್ನು ನಾವೆಲ್ಲ ಕಂಡವರೇ. ಅದರ ಬೇರುಗಳಲ್ಲಿ ಕಾಲು ಸಿಕ್ಕಿಬಿದ್ದರೆ ನುರಿತ ಈಸುಗಾರನೂ ದಣಿಯುತ್ತಾನೆ. ನಗರದ ಕೆರೆಗಳು ಹೀಗಾದ ಮೇಲೆ ಹುಡುಗರು ಮುಗದದಂಥ ಹಳ್ಳಿಯ ಕೆರೆಗಳಿಗೆ ಹೋಗುವುದರಲ್ಲಿ ಆಶ್ಚರ್ಯವೇನು?

ನಮ್ಮ ಕವಿಗಳು ಈ ವಿಷಯದಲ್ಲಿ ನಮಗೆ ಹೆಚ್ಚು ನೆರವಾಗುವುದಿಲ್ಲ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದು. ಆದರೆ ಅವರ ಕೊಳಗಳಲ್ಲಿ ತಾವರೆಯುಂಟು, ಹಂಸವುಂಟು, ಹೂಳಿಲ್ಲ, ಆಳವನ್ನು ಕೇಳುವವರಿಲ್ಲ. ರನ್ನನ ದುರ್ಯೋಧನ ವೈಶಂಪಾಯನ ಸರೋವರದ ತಳದಲ್ಲಿ ಹೋಗಿ ಕುಳಿತನೆಂದರೆ ಅವನಿಗೆ ಜಲಸ್ತಂಭ ವಿದ್ಯೆ ತಿಳಿದಿತ್ತು. ನನ್ನ ವಿದ್ಯಾರ್ಥಿಗಳ ಪಠ್ಯಕ್ರಮದಲ್ಲಿ ಅದು ಇಲ್ಲ. ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ (1126–1138) ಮಾತ್ರ ತನ್ನ ‘ಮಾನಸೋಲ್ಲಾಸ’ದ ಇಪ್ಪತ್ತು ಕ್ರೀಡೆಗಳಲ್ಲಿ ನೀರಾಟಕ್ಕೂ ಮರಳಿನ ಆಟಕ್ಕೂ ಬೇರೆ ಬೇರೆ ಸ್ಥಾನ ಕೊಟ್ಟಿದ್ದಾನೆ. ದಂಡೆಯೂ ನೀರಿನಷ್ಟೇ ಮುಖ್ಯವೆಂಬುದು ಅರಸನಿಗೆ ಹೊಳೆದಿತ್ತು; ನಮ್ಮ ಪ್ರವಾಸಿಗಳಿಗೆ ಹೊಳೆಯದು.

ಸರಕಾರದ ಮತ್ತು ಸಂಸ್ಥೆಗಳ ಉತ್ತರವೆಂದರೆ ‘ಈಜು ನಿಷೇಧಿಸಲಾಗಿದೆ’ ಎಂಬ ಫಲಕ. ಫಲಕ ಬೇಡವೆಂದು ನಾನು ಹೇಳುವುದಿಲ್ಲ. ಏರಿಯ ಮೇಲೆ, ತೂಬಿನ ಬಳಿ, ಕೋಡಿಯ ಬಳಿ ಅದು ಇರಲೇಬೇಕು. ಆದರೆ ಕೆರೆಯ ಸುತ್ತಲೂ ಅದೇ ಮಾತನ್ನು ಬರೆದರೆ ಅಪಾಯದ ಕಡೆ ಯಾವುದು, ಅಲ್ಲದ ಕಡೆ ಯಾವುದು ಎಂಬ ತಿಳಿವಳಿಕೆಯೇ ಅಳಿಸಿಹೋಗುತ್ತದೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಪ್ರವಾಸಕ್ಕೆ ಬಂದಿದ್ದ 4 ವಿದ್ಯಾರ್ಥಿನಿಯರು ಪ್ರಾಣ ಕಳೆದುಕೊಂಡರು. ಅದೇ ಉತ್ತರ ಕನ್ನಡ ಜಿಲ್ಲೆಯ ಕಾಸರಕೋಡು, ಉಡುಪಿಯ ಕಡೆಯ ಪಡುಬಿದ್ರಿ—ಈ ಎರಡು ದಂಡೆಗಳಿಗೆ 2020ರಲ್ಲಿ ‘ನೀಲಿ ಬಾವುಟ’ದ ಮನ್ನಣೆ ದೊರೆಯಿತು. ಆ ಬಾವುಟ ಹಾರಬೇಕಾದರೆ ನೀರನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕು, ಜೀವರಕ್ಷಕರು ಇರಬೇಕು. ಕಡಲಿಗೆ ಸಲ್ಲುವ ಈ ವಿವೇಕ ಕೆರೆಗೆ ಏಕೆ ಸಲ್ಲಬಾರದು? ಬರ್ಲಿನ್ ನಗರದ ಬಳಿಯ ವಾನ್‌ಸೇ ಸರೋವರದಲ್ಲಿಯೂ ಒಂದು ಕಾಲಕ್ಕೆ ಬಯಲು ಸ್ನಾನ ನಿಷಿದ್ಧವಾಗಿತ್ತು, ಜನ ಕೇಳಲಿಲ್ಲ. 1907ರಲ್ಲಿ ಅಲ್ಲಿನ ಅಧಿಕಾರಿಗಳು ದಂಡೆಯ ಒಂದು ತುಂಡನ್ನು ಗುರುತಿಸಿ ಅಲ್ಲಿ ಮಾತ್ರ ಇಳಿಯಬಹುದೆಂದರು. ಇಂದಿಗೂ ಜನ ಅಲ್ಲಿಯೇ ಈಸುತ್ತಾರೆ.

ಹುಡುಗಿಯರ ಮಾತನ್ನು ಇಲ್ಲಿ ಸೇರಿಸದಿದ್ದರೆ ಲೇಖನ ಅರ್ಧವಾಗುತ್ತದೆ. ಗಂಡುಹುಡುಗ ಬೆನ್ನಿಗೆ ಬೆಂಡೋ ಸೋರೆಬುರುಡೆಯೋ ಖಾಲಿ ಡಬ್ಬಿಯೋ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಅಣ್ಣಂದಿರಿಂದ ಈಸು ಕಲಿಯುತ್ತಾನೆ. ಹುಡುಗಿ ಅದೇ ನೀರಿಗೆ ಬಟ್ಟೆ ಒಗೆಯಲು ಹೋಗುತ್ತಾಳೆ. ಕಲಿಸುವವರಿಲ್ಲ, ಇಳಿಯಲು ಮರೆಯಿಲ್ಲ. ಕಾಲು ಜಾರಿದ ತಂಗಿಯನ್ನು ಹಿಡಿಯಲು ಹೋಗಿ ಅಕ್ಕ, ಅವಳನ್ನು ಹಿಡಿಯಲು ಹೋಗಿ ತಾಯಿ—ಹೀಗೆ ಮೂವರೂ ಹೋದ ಸುದ್ದಿಯನ್ನು ಓದದವರು ಯಾರು? ಸಾರ್ವಜನಿಕ ದಂಡೆಯೆಂದು ಒಂದು ಸ್ಥಳವನ್ನು ಆರಿಸುವುದಾದರೆ ವಾರದಲ್ಲಿ ಕೆಲವು ಹೊತ್ತು ಅದು ಹೆಣ್ಣುಮಕ್ಕಳಿಗೆ ಮೀಸಲಾಗಿರಬೇಕು, ಕಲಿಸಲು ಒಬ್ಬ ಹೆಣ್ಣುಮಗಳೇ ಇರಬೇಕು. ಮುಳುಗುತ್ತಿರುವವರ ಕಡೆಗೆ ಹಗ್ಗವನ್ನೋ, ಬಾಯಿ ಮುಚ್ಚಿದ ಖಾಲಿ ಕ್ಯಾನನ್ನೋ, ಬಿದಿರನ್ನೋ, ಏನೂ ಇಲ್ಲದಿದ್ದರೆ ಸೀರೆಯನ್ನೋ ಎಸೆಯಬೇಕೇ ಹೊರತು ತಾನು ಹಾರಬಾರದೆಂಬ ಮೊದಲ ಪಾಠವನ್ನು ದಂಡೆಯ ಮೇಲೆಯೇ ಹೇಳಿಕೊಡಬೇಕು.

ಇದಕ್ಕೆಲ್ಲ ಬಹಳ ಹಣ ಬೇಕೆಂದು ಯಾರೂ ಹೆದರಬೇಕಾಗಿಲ್ಲ. ಬೇಸಗೆಯಲ್ಲಿ ಒಂದು ದಿನ ಅಂಗಳವನ್ನು ನಡೆದು ನೋಡುವುದು, ಗುಂಡಿಗಳಿದ್ದರೆ ಮುಚ್ಚಿಸುವುದು, ಎದೆಯುದ್ದದ ಗೆರೆಗೆ ಐದಾರು ಬಿದಿರು ನೆಟ್ಟು ಹಗ್ಗ ಕಟ್ಟುವುದು, ನೀರು ಏರಿ ಇಳಿದಂತೆ ಅದನ್ನು ಸರಿಸುವುದು, ರವಿವಾರ ಮತ್ತು ರಜೆಯ ದಿನ ಒಬ್ಬನನ್ನು ಅಲ್ಲಿ ಕೂರಿಸುವುದು: ಇಷ್ಟು ಗ್ರಾಮ ಪಂಚಾಯತಿಗೆ ಸಾಧ್ಯವಾದ ಕೆಲಸ. ಆ ಒಬ್ಬನನ್ನು ಹುಡುಕಲು ಜಾಹೀರಾತು ಕೊಡುವುದೂ ಬೇಡ. ಮೀನಿನ ಗುತ್ತಿಗೆ ಹಿಡಿದವರ ಕೆಲಸಗಾರರು ವರ್ಷವೆಲ್ಲ ಬಲೆ ಹಾಕುತ್ತ ಕೆರೆಯ ತಳವನ್ನು ಕಾಲಿನಿಂದಲೂ ಕೋಲಿನಿಂದಲೂ ಮುಟ್ಟಿ ಬಲ್ಲವರು. ಎಲ್ಲಿ ಬಲೆ ಹಾಸಿದೆ, ಎಲ್ಲಿ ಹಳೆಯ ಗಿಡದ ಬೊಡ್ಡೆಯಿದೆ, ಎಲ್ಲಿ ನೆಲ ತಟ್ಟನೆ ತಗ್ಗುತ್ತದೆ—ಕೇಳಿದರೆ ಹೇಳುತ್ತಾರೆ. ಇದುವರೆಗೆ ಅವರನ್ನು ಕರೆಯುತ್ತಿರುವುದು ಹೆಣ ತೆಗೆಯಲು ಮಾತ್ರ.