ಅಮೆರಿಕೆಯ ಪ್ರೌಢಶಾಲೆಯಲ್ಲಿ ನಮ್ಮ ಮಕ್ಕಳ ಒಂದು ವರ್ಷ

ಸಾಗರದಾಚೆ ನೆಲೆಸಿರುವ ನಮ್ಮ ಸಮಾಜದ ಕುಟುಂಬಗಳು ಇಂದು ವಿರಳವಲ್ಲ. ಅಮೆರಿಕೆಯಲ್ಲಿ ಹುಟ್ಟಿ ಬೆಳೆಯುತ್ತಿರುವ ಮೊಮ್ಮಕ್ಕಳನ್ನು ಕುರಿತು ಇಲ್ಲಿನ ಹಿರಿಯರು ಒಂದು ಮಾತನ್ನು ಮೇಲಿಂದ ಮೇಲೆ ಆಡುತ್ತಾರೆ. ಹುಡುಗ ಓದಿನಲ್ಲಿ ಜಾಣನೇ. ಆದರೆ ಸಂಜೆಯೆಲ್ಲ ಬ್ಯಾಂಡು, ನಾಟಕವೆಂದು ಶಾಲೆಯಲ್ಲಿಯೇ ಕಳೆಯುತ್ತಾನೆ, ಪೂಜೆಗೆ ಹೊತ್ತಿಲ್ಲ, ಹಬ್ಬಕ್ಕೆ ಮನೆಯಲ್ಲಿಲ್ಲ ಎಂಬುದೇ ಆ ಮಾತು. ಅಲ್ಲಿರುವ ತಂದೆತಾಯಿಗಳ ಅಳಲೂ ಇದಕ್ಕಿಂತ ಬೇರೆಯಲ್ಲ. ಮಗುವನ್ನು ತಡೆದರೆ ಗೆಳೆಯರಿಂದ ದೂರವಾಗುತ್ತದೆ, ಬಿಟ್ಟರೆ ಮನೆಯ ಆಚಾರದಿಂದ ದೂರವಾಗುತ್ತದೆ ಎಂಬ ಇಬ್ಬಂದಿಯಲ್ಲಿ ಅವರಿದ್ದಾರೆ. ಆದುದರಿಂದ ಅಲ್ಲಿನ ಶಾಲೆಯ ಈ ಚಟುವಟಿಕೆಗಳ ಸ್ವರೂಪವೇನು, ನಮ್ಮ ಧರ್ಮಕ್ಕೂ ಅವುಗಳಿಗೂ ನಿಜವಾಗಿ ವಿರೋಧವಿದೆಯೇ ಎಂಬುದನ್ನು ವಿಚಾರಿಸುವುದು ಉಚಿತ.

ಬ್ಯಾಂಡು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮದುವೆಯ ಮೆರವಣಿಗೆ. ಅಮೆರಿಕೆಯ ಶಾಲೆಯ ಬ್ಯಾಂಡು ಅದಲ್ಲ. ಅದು ವೇಳಾಪಟ್ಟಿಯಲ್ಲಿರುವ ಒಂದು ಪಾಠ. ಗಣಿತ, ವಿಜ್ಞಾನಗಳಿಗಿರುವಂತೆ ಅದಕ್ಕೂ ಅಧ್ಯಾಪಕರಿದ್ದಾರೆ, ಅಂಕಗಳಿವೆ. ಮೊದಲನೆಯ ಮಹಾಯುದ್ಧದ ತರುವಾಯ ಈ ಪದ್ಧತಿ ಆ ದೇಶದಲ್ಲಿ ವೇಗವಾಗಿ ಹಬ್ಬಿತು. 1923ರಲ್ಲಿ ಶಿಕಾಗೋ ನಗರದಲ್ಲಿ ಶಾಲಾ ಬ್ಯಾಂಡುಗಳ ರಾಷ್ಟ್ರಮಟ್ಟದ ಸ್ಪರ್ಧೆಯೇ ನಡೆಯಿತು. ಕೊಳಲು, ಕ್ಲಾರಿನೆಟ್, ಸ್ಯಾಕ್ಸೋಫೋನ್, ಟ್ರಂಪೆಟ್, ಟ್ರೊಂಬೋನ್, ತರತರದ ಡೋಲು ಇವೆಲ್ಲ ಅಲ್ಲಿನ ವಾದ್ಯಗಳು.

ಅಲ್ಲಿನ ಪ್ರೌಢಶಾಲೆ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷಗಳದು. ಬ್ಯಾಂಡಿನ ಹುಡುಗರಿಗೆ ವರ್ಷ ಮೊದಲಾಗುವುದು ಪಾಠಗಳಿಗಿಂತ ಮುಂಚೆ. ಬೇಸಿಗೆಯ ರಜೆ ಮುಗಿಯುವ ಮೊದಲೇ ಶಿಬಿರ ನಡೆಯುತ್ತದೆ. ಬಿಸಿಲಿನಲ್ಲಿ ಮೈದಾನದ ಮೇಲೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತ ನುಡಿಸುವ ಅಭ್ಯಾಸವದು. ಶರತ್ಕಾಲದ ಶುಕ್ರವಾರದ ರಾತ್ರಿಗಳಂದು ಶಾಲೆಯ ಫುಟ್‌ಬಾಲ್ ಪಂದ್ಯದ ಅರ್ಧವಿರಾಮದಲ್ಲಿ ಊರ ಜನರೆದುರು ಅದರ ಪ್ರದರ್ಶನವಾಗುತ್ತದೆ. ಚಳಿಗಾಲ ಬಂದಿತೆಂದರೆ ಹೊರಗಿನ ನಡಿಗೆ ನಿಂತು ಒಳಾಂಗಣದಲ್ಲಿ ಕುಳಿತು ನುಡಿಸುವ ಕಚೇರಿಗಳು. ಶರತ್ತಿನಲ್ಲೊಂದು ನಾಟಕ, ವಸಂತದಲ್ಲೊಂದು ಸಂಗೀತ ನಾಟಕ ಆಡುವುದು ಅನೇಕ ಶಾಲೆಗಳ ರೂಢಿ. ಇವುಗಳ ನಡುವೆ ಹಳೆಯ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಹೋಮ್‌ಕಮಿಂಗ್ ಉತ್ಸವ, ವರ್ಷದ ಕೊನೆಗೆ ಪ್ರಾಮ್ ಎಂಬ ನೃತ್ಯಕೂಟ, ಆಹಾರ ಸಂಗ್ರಹಿಸಿ ಬಡವರಿಗೆ ಹಂಚುವಂಥ ಸೇವಾಕಾರ್ಯಗಳು.

ಈ ವಾದ್ಯಮೇಳದ ಶಿಸ್ತು ನಮಗೆ ಅಪರಿಚಿತವೇನಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಕರಡಿ ಮಜಲು ನೋಡಿದವರಿಗೆ, ನಂದಿಕೋಲಿನ ಹಿಂದೆ ಸಮಾಳದ ಪೆಟ್ಟಿಗೆ ಹೆಜ್ಜೆ ಹಾಕಿದವರಿಗೆ ಅದರ ಮರ್ಮ ಥಟ್ಟನೆ ತಿಳಿಯುತ್ತದೆ. ಮೇಳದಲ್ಲಿ ಒಬ್ಬನ ಪೆಟ್ಟು ತಪ್ಪಿದರೆ ಎಲ್ಲರ ನಾದವೂ ಕೆಡುತ್ತದೆ. ತನ್ನ ವಾದ್ಯ ಕೇಳಿಸಬೇಕು, ಆದರೆ ಪಕ್ಕದವನ ವಾದ್ಯವನ್ನು ಮುಚ್ಚಬಾರದು. ಅಹಂಕಾರವನ್ನು ಕರಗಿಸುವ ಈ ಪಾಠವನ್ನು ಹದಿನಾಲ್ಕು ವರ್ಷದ ಮಗುವಿಗೆ ಪುಸ್ತಕದಿಂದ ಕಲಿಸುವುದು ಕಷ್ಟ.

ನಾಟಕದ ಮಾತೂ ಹೀಗೆಯೇ. ಅಲ್ಲಿನ ಶಾಲೆಗಳಲ್ಲಿ ಬಹಳವಾಗಿ ಆಡುವ ನಾಟಕಗಳಲ್ಲೊಂದು ಥಾರ್ನ್‌ಟನ್ ವೈಲ್ಡರ್ ಅವರ 'ಅವರ್ ಟೌನ್'. 1938ರಲ್ಲಿ ಮೊದಲು ರಂಗಕ್ಕೆ ಬಂದ ಈ ಕೃತಿಗೆ ಪರದೆ ಬೇಡ, ದೃಶ್ಯಸಜ್ಜಿಕೆ ಬೇಡ. ಕೆಲವು ಮೇಜು ಕುರ್ಚಿಗಳಿದ್ದರೆ ಸಾಕು. ನಮ್ಮ ಬಯಲಾಟದ ಭಾಗವತರಂತೆ ಒಬ್ಬನು ಮುಂದೆ ನಿಂತು ಕಥೆಯನ್ನು ನಡೆಸುತ್ತಾನೆ. ಸತ್ತ ತರುಣಿಯೊಬ್ಬಳು ತನ್ನ ಬಾಳಿನ ಒಂದು ಸಾಮಾನ್ಯ ದಿನಕ್ಕೆ ಮರಳಿ ಬಂದು, ಬದುಕಿರುವವರು ಬದುಕಿನ ಬೆಲೆಯನ್ನರಿಯದೆ ಕಳೆಯುವುದನ್ನು ಕಂಡು ಮರುಗುತ್ತಾಳೆ. ಇಂಥ ನಾಟಕವನ್ನು ಆಡಿದ ಮಗುವಿಗೆ ಕಾಲಹರಣವಾಯಿತೆಂದು ಹೇಗೆ ಹೇಳೋಣ? ಪಾತ್ರ ಸಿಗದವರೂ ಅಲ್ಲಿ ಸುಮ್ಮನೆ ಕೂರುವುದಿಲ್ಲ. ದೀಪ ಹೊಂದಿಸುವವರು, ಮರ ಕೊಯ್ದು ರಂಗ ಕಟ್ಟುವವರು, ಉಡುಪು ಹೊಲಿಯುವವರು ಎಲ್ಲರೂ ವಿದ್ಯಾರ್ಥಿಗಳೇ. ಕೆಲಸದಲ್ಲಿ ಮೇಲು ಕೀಳಿಲ್ಲವೆಂಬ ಕಾಯಕ ತತ್ತ್ವದ ಅನುಭವ ಅವರಿಗೆ ಅಲ್ಲಿ ದೊರೆಯುತ್ತದೆ.

ಸಂಗೀತ ನಾಟಕಗಳನ್ನು ನಮ್ಮ ಪರಂಪರೆ ಎಂದೂ ದೂರವಿಟ್ಟಿಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದವರು; ಕಣ್ಣಿಲ್ಲದ ಬಾಲಕನನ್ನು ಸಂಗೀತ ವಿದ್ಯೆಗೆ ಹಚ್ಚಿ ಪಂಚಾಕ್ಷರ ಗವಾಯಿಗಳನ್ನು ನಾಡಿಗೆ ಕೊಟ್ಟವರೂ ಅವರೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ ಅನಾಥ ಮಕ್ಕಳ ಪಾಲನೆಗೆ ನಾಟಕ ಕಂಪನಿಯೂ ಆಸರೆಯಾಯಿತು. ಪುಟ್ಟರಾಜ ಗವಾಯಿಗಳು ಸ್ವತಃ ನಾಟಕಗಳನ್ನು ರಚಿಸಿದರು. ಸಾಣೇಹಳ್ಳಿಯ ಶಿವಸಂಚಾರವು 1997ರಿಂದ ನಾಟಕಗಳನ್ನು ಹೊತ್ತು ನಾಡನ್ನು ಸುತ್ತಿದೆ. ಮಠಗಳೇ ಮಾನ್ಯ ಮಾಡಿದ ವಿದ್ಯೆಯನ್ನು ಮನೆಯವರು ಅಲ್ಲಗಳೆಯುವುದು ಸಲ್ಲದು.

ಹಾಗೆಂದು ತೊಡಕುಗಳೇ ಇಲ್ಲವೆಂದು ನಾವು ಹೇಳುವುದಿಲ್ಲ. ದೀಪಾವಳಿಯ ಹೊತ್ತಿಗೆ ಬ್ಯಾಂಡಿನ ಋತು ತೀರದೆ ಇರಬಹುದು. ಮಹಾಶಿವರಾತ್ರಿಯ ಕಾಲಕ್ಕೆ ವಸಂತದ ನಾಟಕದ ತಾಲೀಮು, ಬಸವ ಜಯಂತಿಯ ವೇಳೆಗೆ ಪರೀಕ್ಷೆ, ಕಚೇರಿ, ಪ್ರಾಮ್ ಎಲ್ಲವೂ ಒಟ್ಟಿಗೆ ಬರುತ್ತವೆ. ಹಬ್ಬದ ಹಿಂದಿನ ದಿನ ಮಗುವಿನೊಡನೆ ಜಗಳವಾಡಿ ಫಲವಿಲ್ಲ. ವರ್ಷಾರಂಭದಲ್ಲಿಯೇ ಶಾಲೆಯ ದಿನದರ್ಶಿಕೆಯನ್ನೂ ಪಂಚಾಂಗವನ್ನೂ ಜೊತೆಗಿಟ್ಟು ನೋಡಿ, ಬಿಡಲಾಗದ ದಿನಗಳನ್ನು ಅಧ್ಯಾಪಕರಿಗೆ ಮೊದಲೇ ಬರೆದು ತಿಳಿಸಬೇಕು. ಆ ಪತ್ರವನ್ನು ಮಗುವೇ ಬರೆಯುವುದು ಇನ್ನೂ ಲೇಸು. ತನ್ನ ಹಬ್ಬವನ್ನು ತಾನೇ ವಿವರಿಸಿದ ಮಗು ಅದನ್ನು ಮರೆಯುವುದಿಲ್ಲ.

ಎರಡನೆಯದು ಆಹಾರ. ಪಂದ್ಯಕ್ಕೋ ಸ್ಪರ್ಧೆಗೋ ಪರಊರಿಗೆ ಹೋದ ಮಕ್ಕಳಿಗೆ ಸಸ್ಯಾಹಾರ ದೊರೆಯದೆ ಹೋಗಬಹುದು. ಬ್ಯಾಂಡಿಗೆ ನೆರವಾಗುವ ಪೋಷಕರ ಕೂಟಗಳು ಅಲ್ಲಿ ಸಾಮಾನ್ಯ. ಸಮವಸ್ತ್ರ ಹೊಂದಿಸುವುದು, ನೀರು ಹೊರುವುದು, ಊಟ ಬಡಿಸುವುದು ಅವರ ಕೆಲಸ. ನಮ್ಮ ತಾಯಂದಿರು ದೂರ ನಿಲ್ಲದೆ ಅಲ್ಲಿ ಸೇರಿದರೆ ತಮ್ಮ ಮಗುವಿಗೂ ಉಳಿದ ಸಸ್ಯಾಹಾರಿ ಮಕ್ಕಳಿಗೂ ಅನುಕೂಲವಾಗುತ್ತದೆ. ಇದಕ್ಕಿಂತ ಸುಲಭವಾದ ದಾಸೋಹ ಯಾವುದಿದೆ?

ಮೂರನೆಯದು ಇಷ್ಟಲಿಂಗ. ಡೋಲು ಹೊರುವ ಹುಡುಗನಿಗೆ ಅದರ ಪಟ್ಟಿ ಎದೆಯ ಮೇಲೆ ಬಿಗಿಯುವುದರಿಂದ ಕರಡಿಗೆ ಒತ್ತುತ್ತದೆ. ಆ ನೆಪದಿಂದ ಲಿಂಗವನ್ನು ಮನೆಯಲ್ಲಿಯೇ ಬಿಟ್ಟುಹೋಗುವ ರೂಢಿ ಮೊದಲಾಗಬಾರದು. ವಸ್ತ್ರದಲ್ಲಿ ಕಟ್ಟಿ ಧರಿಸುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ; ಅದನ್ನು ಹೇಳಿಕೊಡಬೇಕು. ಬೆಳಿಗ್ಗೆ ದೀರ್ಘ ಪೂಜೆಗೆ ಸಮಯವಿಲ್ಲದಿದ್ದರೆ ಹತ್ತು ನಿಮಿಷವಾದರೂ ತಂದೆ, ತಾಯಿ, ಮಕ್ಕಳು ಒಟ್ಟಿಗೆ ಕೂರಲಿ. ತಂದೆ ಕೂರದೆ ಮಗನಿಗೆ ಮಾತ್ರ ಕೂರೆಂದರೆ ಅದು ನಿಲ್ಲುವ ಮಾತಲ್ಲ.

ನೃತ್ಯಕೂಟಗಳ ಬಗೆಗೆ ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಅಂಜಿಕೆ ಹೆಚ್ಚು. ಅದೇ ಎಚ್ಚರ ಗಂಡುಮಕ್ಕಳ ವಿಷಯದಲ್ಲಿಯೂ ಇರಬೇಕು. ಯಾರೊಡನೆ ಹೋಗುವುದು, ಎಷ್ಟು ಹೊತ್ತಿಗೆ ಬರುವುದು, ಯಾವುದು ಸಲ್ಲದು ಎಂಬುದನ್ನು ಗದರಿಸದೆ, ಮುಚ್ಚಿಡದೆ ಮಾತನಾಡಿ ಗೊತ್ತುಮಾಡಿಕೊಳ್ಳಬೇಕು. ನಿಜ ಹೇಳಿದರೆ ಬೈಗುಳ ಬರುವುದೆಂದು ತಿಳಿದ ಮಗು ಸುಳ್ಳನ್ನು ಕಲಿಯುತ್ತದೆ.

ಇಲ್ಲಿರುವ ಅಜ್ಜ-ಅಜ್ಜಿಯರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಫೋನು ಮಾಡಿದಾಗ "ಪೂಜೆ ಮಾಡಿದೆಯಾ?" ಎಂದಷ್ಟೇ ಕೇಳಿ ನಿಲ್ಲಿಸಬೇಡಿ, ಯಾವ ವಾದ್ಯ ನುಡಿಸುತ್ತೀ, ಯಾವ ಪಾತ್ರ ಸಿಕ್ಕಿತು ಎಂದೂ ಕೇಳಿರಿ. ತನ್ನ ಕೊಳಲನ್ನು ಪ್ರೀತಿಯಿಂದ ಕೇಳಿಸಿಕೊಂಡ ಅಜ್ಜನು ಶಿವಶರಣರ ಕಥೆ ಹೇಳತೊಡಗಿದಾಗ ಆ ಮಗುವೂ ಕಿವಿಗೊಡುತ್ತದೆ. ಬ್ಯಾಂಡು ಬೇಕೋ ಧರ್ಮ ಬೇಕೋ ಎಂಬ ಪ್ರಶ್ನೆಯನ್ನು ಮಕ್ಕಳ ಮುಂದೆ ನಾವಾಗಿ ಇಡದಿರೋಣ. ಎರಡಕ್ಕೂ ಎಡೆಯಿರುವ ಮನೆಯಲ್ಲಿ ಬೆಳೆದವರು ಎರಡನ್ನೂ ಉಳಿಸಿಕೊಳ್ಳಬಲ್ಲರು.