ಮಂದ್ರಕ್ಕೆ ಬೇಕಾದ ಗಾಳಿ

ಅಮೆರಿಕದ ಆಂಪೆಗ್ ಕಂಪನಿ 1969ರಲ್ಲಿ ಬೇಸ್ ಗಿಟಾರಿಗೆಂದೇ 300 ವ್ಯಾಟ್‌ನ ಆಂಪ್ಲಿಫೈಯರ್ ಒಂದನ್ನು ತಯಾರಿಸಿತು. ಹೆಸರು ಎಸ್‌ವಿಟಿ. ಒಳಗೆ 14 ವಾಲ್ವ್‌ಗಳು, ಎತ್ತಿಡಲು ಇಬ್ಬರು ಬೇಕು. ಅದರ ಮೊದಲ ಮಾದರಿಗಳು ಅದೇ ವರ್ಷ ರೋಲಿಂಗ್ ಸ್ಟೋನ್ಸ್ ತಂಡದ ಜೊತೆ ಅಮೆರಿಕವನ್ನೆಲ್ಲ ಸುತ್ತಿದವು. ಆ ಶಕ್ತಿಯನ್ನು ಶಬ್ದವಾಗಿಸಲು ಕಂಪನಿ ಮಾಡಿದ ಪೆಟ್ಟಿಗೆಯಲ್ಲಿ 10 ಇಂಚಿನ ಎಂಟು ಸ್ಪೀಕರ್‌ಗಳಿದ್ದವು. ಅಷ್ಟಾದರೂ ಒಂದು ಪೆಟ್ಟಿಗೆ ತಾಳುತ್ತಿದ್ದುದು 240 ವ್ಯಾಟ್ ಮಾತ್ರ. ಹಾಗಾಗಿ ಎರಡು ಪೆಟ್ಟಿಗೆ ಜೋಡಿಸಲೇಬೇಕಿತ್ತು. ಎದೆಯೆತ್ತರದ ಆ ಪೆಟ್ಟಿಗೆಯನ್ನು ವಾದಕರು ಇಂದಿಗೂ ಫ್ರಿಡ್ಜ್ ಎಂದೇ ಕರೆಯುತ್ತಾರೆ.

ಈಗ ಕಾಲ ಬದಲಾಗಿದೆ. ಕ್ಲಾಸ್-ಡಿ ತಂತ್ರದಿಂದಾಗಿ 800 ವ್ಯಾಟ್‌ನ ಆಂಪ್ಲಿಫೈಯರ್ ಹೆಗಲಿನ ಚೀಲದಲ್ಲಿ ಕೂರುತ್ತದೆ. ಆದರೆ ಸ್ಪೀಕರ್ ಪೆಟ್ಟಿಗೆ ಆ ಪ್ರಮಾಣದಲ್ಲಿ ಕುಗ್ಗಲಿಲ್ಲ, ಕುಗ್ಗುವಂತೆಯೂ ಇಲ್ಲ. ಆಂಪ್ಲಿಫೈಯರ್ ಕೆಲಸ ಮಾಡುವುದು ವಿದ್ಯುತ್ತಿನ ಜೊತೆ, ಪೆಟ್ಟಿಗೆ ಕೆಲಸ ಮಾಡುವುದು ಗಾಳಿಯ ಜೊತೆ. ಗಾಳಿ ಇಲ್ಲದ ದಿನ ಕಣದಲ್ಲಿ ಬರಿಗೈಯನ್ನು ಎಷ್ಟು ರಭಸದಿಂದ ಬೀಸಿದರೂ ಹೊಟ್ಟು ಹಾರದು. ಮೊರ ಬೀಸಿದರೆ ಹಾರುತ್ತದೆ. ಮಂದ್ರಸ್ವರಕ್ಕೂ ಬೇಕಾದದ್ದು ಅಂಥ ಅಗಲವೇ.

ಬೇಸ್ ಗಿಟಾರಿನ ಅತಿ ದಪ್ಪ ತಂತಿ, ಅಂದರೆ ಇ ತಂತಿ, ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಆ ನಾದದ ಅಲೆ ಗಾಳಿಯಲ್ಲಿ ಎಂಟು ಮೀಟರಿಗೂ ಉದ್ದ. ಸ್ವರ ಒಂದು ಸ್ಥಾಯಿ ಕೆಳಗಿಳಿದಾಗ ಶಬ್ದದ ಮಟ್ಟ ಅಷ್ಟೇ ಉಳಿಯಬೇಕಾದರೆ ಸ್ಪೀಕರಿನ ಕಾಗದದ ಕೋನ್ ಹಿಂದೆ ಮುಂದೆ ನಾಲ್ಕು ಪಟ್ಟು ದೂರ ಚಲಿಸಬೇಕು. 82 ಹರ್ಟ್ಸ್‌ನಲ್ಲಿ ಒಂದು ಮಿಲಿಮೀಟರ್ ಸಾಕಾದರೆ 41ರಲ್ಲಿ ನಾಲ್ಕು ಮಿಲಿಮೀಟರ್. ಸ್ಪೀಕರುಗಳು ಹರಿಯುವುದು ಹೆಚ್ಚಾಗಿ ಇಲ್ಲಿಯೇ.

ಆದ್ದರಿಂದ ಪೆಟ್ಟಿಗೆಯ ಬೆನ್ನಿಗೆ ಅಂಟಿಸಿರುವ ವ್ಯಾಟ್ ಸಂಖ್ಯೆಯನ್ನು ಹುಷಾರಾಗಿ ಓದಬೇಕು. ಸ್ಪೀಕರಿಗೆ ಕೊಟ್ಟ ವಿದ್ಯುತ್ತಿನಲ್ಲಿ ಶಬ್ದವಾಗುವುದು ನೂರಕ್ಕೆ ಕೆಲವೇ ಪಾಲು. ಉಳಿದದ್ದೆಲ್ಲ ಕೋನಿನ ಬುಡದಲ್ಲಿರುವ ತಾಮ್ರದ ಸುರುಳಿಯಲ್ಲಿ ಶಾಖವಾಗುತ್ತದೆ. 500 ವ್ಯಾಟ್ ಎಂದು ಬರೆದಿದ್ದರೆ ಸಾಮಾನ್ಯವಾಗಿ ಅಷ್ಟು ಶಾಖವನ್ನು ಸುರುಳಿ ತಾಳುತ್ತದೆ ಎಂದರ್ಥ. ಎಷ್ಟು ಜೋರಾಗಿ ಕೇಳುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಇ ತಂತಿಯನ್ನು ಬಲವಾಗಿ ಮೀಟಿದಾಗ ಕೋನ್ ತನ್ನ ಹದ್ದು ಮೀರುತ್ತದೆಯೇ ಎಂಬುದನ್ನೂ ಹೇಳುವುದಿಲ್ಲ. ಆಳದ ಸ್ವರಗಳಲ್ಲಿ ಬರೆದ ವ್ಯಾಟಿನ ಅರ್ಧಕ್ಕೂ ಮೊದಲೇ ಕೋನ್ ಕೊನೆ ಮುಟ್ಟಬಹುದು.

ಜೋರನ್ನು ತಿಳಿಯಲು ನೋಡಬೇಕಾದದ್ದು ಸೆನ್ಸಿಟಿವಿಟಿ ಎಂಬ ಇನ್ನೊಂದು ಅಳತೆ: ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್ ಎಂಬುದು. ಒಂದು ಪೆಟ್ಟಿಗೆ 94 ಡೆಸಿಬೆಲ್, ಇನ್ನೊಂದು 100 ಎಂದಿಟ್ಟುಕೊಳ್ಳಿ. ಆರೇ ಡೆಸಿಬೆಲ್ ಅಲ್ಲವೇ ಎನಿಸಬಹುದು. ಆದರೆ ಪ್ರತಿ ಮೂರು ಡೆಸಿಬೆಲ್‌ಗೆ ಶಕ್ತಿ ಇಮ್ಮಡಿಯಾಗಬೇಕು. ಎರಡನೆಯ ಪೆಟ್ಟಿಗೆ 200 ವ್ಯಾಟ್‌ನಲ್ಲಿ ಮಾಡುವ ಕೆಲಸಕ್ಕೆ ಮೊದಲನೆಯದು 800 ವ್ಯಾಟ್ ಕುಡಿಯುತ್ತದೆ. ದುಬಾರಿ ಆಂಪ್ಲಿಫೈಯರ್ ಕೊಂಡು ಪೆಟ್ಟಿಗೆಯಲ್ಲಿ ಹಣ ಉಳಿಸಲು ಹೊರಟವರು ಈ ಒಂದು ಲೆಕ್ಕವನ್ನಾದರೂ ಹಾಕಿ ನೋಡಬೇಕು ಎಂಬುದು ನನ್ನ ಕಳಕಳಿ.

ಹಾಗಿದ್ದರೆ ಚಿಕ್ಕದಾಗಿ, ಜೋರಾಗಿ, ಆಳವಾಗಿ ನುಡಿಯುವ ಪೆಟ್ಟಿಗೆಯನ್ನೇ ಏಕೆ ಮಾಡಬಾರದು? ಕೆಎಲ್‌ಎಚ್ ಎಂಬ ಅಮೆರಿಕದ ಸ್ಪೀಕರ್ ಕಂಪನಿಯ ಮೂವರು ಸ್ಥಾಪಕರಲ್ಲಿ ಒಬ್ಬರಾದ ಹಾಫ್‌ಮನ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮ ಇದಕ್ಕೆ ಉತ್ತರ ಕೊಡುತ್ತದೆ: ಈ ಮೂರು ಗುಣಗಳಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಡಲೇಬೇಕು. ಫ್ರಿಡ್ಜ್ ಕೂಡ ಈ ನಿಯಮ ಮೀರಿದ್ದಲ್ಲ. ಆಂಪೆಗ್‌ನ ಈಚಿನ ಎಂಟು ಸ್ಪೀಕರಿನ ಪೆಟ್ಟಿಗೆಯ ಸೆನ್ಸಿಟಿವಿಟಿ 100 ಡೆಸಿಬೆಲ್. ಆದರೆ ಕಂಪನಿಯೇ ಕೊಟ್ಟಿರುವ ಅಳತೆಯಂತೆ 58 ಹರ್ಟ್ಸ್‌ನ ಕೆಳಗೆ ಶಬ್ದ ಇಳಿಯತೊಡಗಿ, 40 ಹರ್ಟ್ಸ್ ಹೊತ್ತಿಗೆ 10 ಡೆಸಿಬೆಲ್ ಕುಸಿದಿರುತ್ತದೆ. ಅಂದರೆ ಇ ತಂತಿಯ ಮೂಲ ಕಂಪನ ಅದರಿಂದ ಪೂರ್ತಿ ಹೊರಬರುವುದೇ ಇಲ್ಲ! ಆದರೂ ಕೇಳುಗನಿಗೆ ಕೊರತೆ ಕಾಣುವುದಿಲ್ಲ. 82, 123, 164 ಹರ್ಟ್ಸ್‌ನ ಉಪಸ್ವರಗಳು ಗಟ್ಟಿಯಾಗಿ ಬಂದರೆ ನಮ್ಮ ಮಿದುಳು ಕೆಳಗಿನ ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಐವತ್ತು ವರ್ಷಗಳಿಂದ ನಾವು ರಾಕ್ ಬೇಸ್ ಎಂದು ಕೇಳುತ್ತಾ ಬಂದಿರುವುದರಲ್ಲಿ ದೊಡ್ಡ ಪಾಲು ಕಿವಿಯ ಈ ಔದಾರ್ಯದ್ದು.

15 ಇಂಚಿನ ಸ್ಪೀಕರ್ ಆಳಕ್ಕೆ, 10 ಇಂಚಿನದು ಸ್ಪಷ್ಟತೆಗೆ ಎಂಬ ಮಾತು ವಾದಕರ ನಡುವೆ ಬಹಳ ಬಲವಾಗಿದೆ. ಆದರೆ 10 ಇಂಚಿನ ಕೋನ್ ಒಂದರ ವಿಸ್ತೀರ್ಣ ಸುಮಾರು 350 ಚದರ ಸೆಂಟಿಮೀಟರ್, 15 ಇಂಚಿನದು ಸುಮಾರು 850. ನಾಲ್ಕು ಹತ್ತುಗಳು ಸೇರಿದರೆ ಒಂದು ಹದಿನೈದಕ್ಕಿಂತ ಹೆಚ್ಚು ಗಾಳಿ ತಳ್ಳುತ್ತವೆ. ಆಳವನ್ನು ನಿರ್ಧರಿಸುವುದು ಕೋನಿನ ವ್ಯಾಸವೊಂದೇ ಅಲ್ಲ. ಕೋನ್, ಅಯಸ್ಕಾಂತ ಮತ್ತು ಪೆಟ್ಟಿಗೆಯ ಒಳಗಿನ ಗಾಳಿ ಮೂರೂ ಕೂಡಿ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಈ ಸಂಬಂಧವನ್ನು ಸಮೀಕರಣಗಳಲ್ಲಿ ಹಿಡಿದಿಟ್ಟರು.

ನಾಲ್ಕು ಹತ್ತುಗಳ ಪೆಟ್ಟಿಗೆಯ ಕೆಳಗೆ ಒಂದು ಹದಿನೈದನ್ನು ಇಡುವ ಜನಪ್ರಿಯ ಜೋಡಿ ನನಗೆ ಒಪ್ಪಿಗೆಯಾಗದಿರುವುದು ಇದೇ ಕಾರಣಕ್ಕೆ. ಎರಡೂ ಪೆಟ್ಟಿಗೆಗಳು ವಿದ್ಯುತ್ತಿಗೆ ಒಡ್ಡುವ ತಡೆ ಎಂಟೆಂಟು ಓಮ್ ಆದರೆ 800 ವ್ಯಾಟ್ ಸಮನಾಗಿ ಹಂಚಿಹೋಗುತ್ತದೆ. ಮೇಲಿನ ನಾಲ್ಕಕ್ಕೆ ತಲಾ 100, ಕೆಳಗಿನ ಒಂಟಿ ಸ್ಪೀಕರಿಗೆ 400. ಮೇಲಿನವು ಆರಾಮವಾಗಿ ನುಡಿಯುತ್ತಿರುವಾಗಲೇ ಕೆಳಗಿನದು ಏದುಸಿರು ಬಿಡುತ್ತಿರುತ್ತದೆ. ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಪೆಟ್ಟಿಗೆಗಳೇ ಒಳ್ಳೆಯ ಜೋಡಿ.

ಓಮ್‌ನ ಲೆಕ್ಕ ಕಷ್ಟದ್ದಲ್ಲ. ಎಂಟು ಓಮ್‌ನ ಎರಡು ಪೆಟ್ಟಿಗೆ ಸಮಾನಾಂತರವಾಗಿ ಸೇರಿದರೆ ನಾಲ್ಕು ಓಮ್, ನಾಲ್ಕರ ಎರಡು ಸೇರಿದರೆ ಎರಡು ಓಮ್. ಓಮ್ ಇಳಿದಷ್ಟೂ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಿಂದ ಹೆಚ್ಚು ವಿದ್ಯುತ್ ಹರಿಯುತ್ತದೆ. ಕಂಪನಿ ಹೇಳಿದ ಕನಿಷ್ಠಕ್ಕಿಂತ ಕೆಳಗಿಳಿಸಿದರೆ ಅದು ಸುಡಬಹುದು, ಇಲ್ಲವೇ ತಾನೇ ನಿಂತುಬಿಡಬಹುದು. ವಾಲ್ವ್ ಯಂತ್ರದ ಸ್ವಭಾವ ಬೇರೆ. ಹಿಂಬದಿಯ ಓಮ್ ಸ್ವಿಚ್ಚನ್ನು ಪೆಟ್ಟಿಗೆಗೆ ಸರಿಹೊಂದಿಸಬೇಕು, ಪೆಟ್ಟಿಗೆ ಜೋಡಿಸದೆ ಅದನ್ನು ನುಡಿಸಲೇಬಾರದು.

ಎಂಟು ಓಮ್‌ಗೆ 500, ನಾಲ್ಕಕ್ಕೆ 800 ವ್ಯಾಟ್ ಕೊಡುವ ಆಂಪ್ಲಿಫೈಯರಿಗೆ ಅದೇ ಬಗೆಯ ಎರಡನೆಯ ಪೆಟ್ಟಿಗೆ ಸೇರಿಸಿ ನೋಡಿ. ಶಕ್ತಿ ಹೆಚ್ಚಿದ್ದಕ್ಕೆ ಎರಡು ಡೆಸಿಬೆಲ್, ಕೋನುಗಳು ಇಮ್ಮಡಿಯಾದದ್ದಕ್ಕೆ ಆಳದ ಸ್ವರಗಳಲ್ಲಿ ಇನ್ನೂ ಮೂರು. ಈ ಐದು ಡೆಸಿಬೆಲ್‌ಗಳನ್ನು ಒಂದೇ ಪೆಟ್ಟಿಗೆಯಿಂದ ಪಡೆಯಲು ಹೋದರೆ 1,600 ವ್ಯಾಟ್ ಬೇಕು, ಅದನ್ನು ತಾಳುವ ಸ್ಪೀಕರೂ ಬೇಕು. ಎರಡನ್ನೂ ಒಂದರ ಮೇಲೊಂದು ಇಡಿ. ಪಕ್ಕಪಕ್ಕ ಇಟ್ಟರೆ ಮೇಲಿನ ಸ್ವರಗಳು ಬದಿಯಲ್ಲಿ ಕೂತವರಿಗೆ ಒಂದನ್ನೊಂದು ಅಳಿಸಿಕೊಂಡು ತಲುಪುತ್ತವೆ. ಮೇಲಿನ ಪೆಟ್ಟಿಗೆ ವಾದಕನ ಕಿವಿಯ ಎತ್ತರಕ್ಕೆ ಬರುವುದು ಇನ್ನೊಂದು ಲಾಭ.

ಐದು ತಂತಿಯ ಬೇಸ್ ನುಡಿಸುವವರಿಗೆ ಒಂದು ಎಚ್ಚರಿಕೆ. ಅದರ ಬಿ ತಂತಿ 31 ಹರ್ಟ್ಸ್‌ಗೆ ಇಳಿಯುತ್ತದೆ. ಮುಂಭಾಗದಲ್ಲಿ ರಂಧ್ರವಿರುವ ಪೆಟ್ಟಿಗೆಯಲ್ಲಿ ಆ ರಂಧ್ರಕ್ಕೆ ಹೊಂದಿಸಿದ ಕಂಪನದ ಕೆಳಗೆ ಒಳಗಿನ ಗಾಳಿ ಕೋನನ್ನು ಹಿಡಿದು ನಿಲ್ಲಿಸುವುದಿಲ್ಲ. ಅದು ಲಂಗುಲಗಾಮಿಲ್ಲದೆ ಕುಣಿಯುತ್ತದೆ, ಶಬ್ದ ಮಾತ್ರ ಬರುವುದಿಲ್ಲ. 35 ಹರ್ಟ್ಸ್ ಆಸುಪಾಸಿನಿಂದ ಕೆಳಗಿನದನ್ನು ತಡೆಯುವ ಹೈಪಾಸ್ ಫಿಲ್ಟರ್ ಇಟ್ಟುಕೊಳ್ಳುವುದು ಒಳ್ಳೆಯದು. ಫಿಲ್ಟರ್ ಇಲ್ಲದಿದ್ದರೆ, ವೇದಿಕೆಯ ಮೇಲೆ ಸ್ಪೀಕರ್ ಪರಪರ ಎನ್ನತೊಡಗಿದ ಕೂಡಲೇ ಬೇಸ್ ಗುಂಡಿಯನ್ನು ತಿರುಗಿಸಿ ಇಳಿಸಿ, ವಾಲ್ಯೂಮ್ ಆಮೇಲೆ. ಆ ಗುಂಡಿಯಲ್ಲಿ ಏರಿಸಿದ 10 ಡೆಸಿಬೆಲ್ ಆಳದ ಸ್ವರಗಳಿಗೆ ಹತ್ತು ಪಟ್ಟು ಶಕ್ತಿ ಕೇಳುತ್ತಿರುತ್ತದೆ.